ಲಿಫ್ಟಕ್ಕನ ಹೊಟ್ಟೆಯ ನೀರು

ಎಂಟು ಮಹಡಿಯ ಆ ಹಳೇ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಅವಳು, ನಾದಿನಿ, ಇಬ್ಬರೇ. ಹತ್ತೊಂಬತ್ತು ವರ್ಷದಿಂದ ಸ್ಟೂಲಿನ ಮೇಲೆ ಕೂತು ಬಾಗಿಲು ಎಳೆದವಳಿಗೆ ಆ ಡಬ್ಬಿಯ ಒಂದೊಂದು ಕುಲುಕಾಟವೂ ಗೊತ್ತಿತ್ತು.

ಒಂದು ದಿನ ಲಿಫ್ಟ್ ಐದನೇ ಮಹಡಿಯಲ್ಲಿ ನಿಂತಿತು. ಅವಳ ಹೊಟ್ಟೆಯೊಳಗೆ ಏನೋ ಒಂದು ಗಳಿಗೆ ತಡವಾಗಿ ನಿಂತಿತು.

ಅಂದಿನಿಂದ ಪ್ರತಿ ಮಹಡಿಯಲ್ಲೂ ಅದೇ. ಲಿಫ್ಟಿನ ಕನ್ನಡಿಯಲ್ಲಿ ಮುಖ ಚಿಕ್ಕದಾಗುತ್ತ, ಕೈಕಾಲು ಕಡ್ಡಿಯಾಗುತ್ತ ಹೋದವು. ಹೊಟ್ಟೆ ಮಾತ್ರ ಮುಂದೆ ಬಂತು. ಸಂಜೆ ನಾಲ್ಕಾಯಿತೆಂದರೆ ಯಾರೋ ಕರೆದ ಹಾಗೆ ಜ್ವರ ಬರುತ್ತಿತ್ತು. ಹೊಸಬಳೊಬ್ಬಳು ಲಿಫ್ಟ್ ಹತ್ತಿ, “ಎಷ್ಟು ತಿಂಗಳಮ್ಮಾ?” ಎಂದಳು.

“ನಂಗೂ ಗೊತ್ತಿಲ್ಲ. ಇದು ಹೇಳೋದೇ ಇಲ್ಲ,” ಎಂದು ಲಿಫ್ಟಕ್ಕ ನಕ್ಕಳು. ಉಳಿದವರು ಬಾಗಿಲ ಮೇಲಿನ ಮಹಡಿ ಸಂಖ್ಯೆ ನೋಡತೊಡಗಿದರು.

ರಜೆಯ ದಿನ ಮಧ್ಯಾಹ್ನ ನಾದಿನಿ ಅವಳ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟಳು. ಬಲಗೈಯಿಂದ ಮೆಲ್ಲಗೆ ತಟ್ಟಿದಳು. ಒಳಗಿನಿಂದ ಯಾರೋ ಅವಳ ಎಡಗೈಗೆ ತಿರುಗಿ ತಟ್ಟಿದರು. ಬೆಂಕಿ ತಾಗಿದಂತೆ ಕೈ ಹಿಂದೆಳೆದುಕೊಂಡಳು.

“ಏಳಿ ಅತ್ತಿಗೆ, ಆಸ್ಪತ್ರೆಗೆ ಹೋಗೋಣ. ಈಗ್ಲೇ.”

“ಹೊಟ್ಟೇಲಿ ನೀರು ತುಂಬಿದೆ, ಕೈಗೆ ತಟ್ಟಿದ್ದು ಅದರ ಅಲೆ,” ಎಂದ ವೈದ್ಯರು ಸೂಜಿ ಹಾಕಿ ಒಂದಿಷ್ಟು ತೆಗೆದರು. ಒಣಹುಲ್ಲಿನ ಬಣ್ಣದ ನೀರು. ಅದರಲ್ಲಿ ಕ್ಯಾನ್ಸರ್ ಕಣವೂ ಸಿಗಲಿಲ್ಲ, ಕ್ರಿಮಿಯೂ ಸಿಗಲಿಲ್ಲ. ತೆಗೆದಷ್ಟೂ ಮತ್ತೆ ತುಂಬಿಕೊಂಡಿತು. ಸ್ಕ್ಯಾನ್ ನೋಡಿದವರು ಕ್ಯಾನ್ಸರೇ ಇರಬೇಕೆಂದು ಪಿಸುಗುಟ್ಟಿದರು.

ಸರ್ಜನ್ ಮೇಡಂ ಒಪ್ಪಲಿಲ್ಲ. “ಊಹೆ ಮೇಲೆ ಹೊಟ್ಟೆ ಪೂರ್ತಿ ಕೊಯ್ಯೋದು ಬೇಡ. ಸಣ್ಣ ತೂತಿಂದ ಕ್ಯಾಮೆರಾ ಇಳಿಸಿ ನೋಡೋಣ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ.”

ಕ್ಯಾಮೆರಾ ಒಳಗಿಳಿಯಿತು. ಹೊಟ್ಟೆಯ ಒಳಪೊರೆಯ ತುಂಬ ಬಿಳಿ ಬಿಳಿ ಕಾಳು, ಯಾರೋ ರವೆ ಎರಚಿಟ್ಟಂತೆ. ಕ್ಯಾನ್ಸರೂ ಹೀಗೇ ಕಾಣುವುದುಂಟು. ಅತ್ತಿಗೆ, ನಾದಿನಿ ಇಬ್ಬರೂ ಐದು ದಿನ ಜೀವ ಕೈಯಲ್ಲಿ ಹಿಡಿದು ಕಾದರು. ಚೂರಿನ ವರದಿ ಬಂತು: ಕ್ಷಯ.

“ಕೆಮ್ಮೇ ಇಲ್ವಲ್ಲ ಮೇಡಂ?” ನಾದಿನಿ ಕೇಳಿದಳು.

“ಟಿ.ಬಿ. ಶ್ವಾಸಕೋಶಕ್ಕೇ ಬರ್ಬೇಕು ಅಂತಿಲ್ಲಮ್ಮ. ಯಾವಾಗ್ಲೋ ಯಾರದೋ ಉಸಿರಿಂದ ಒಳಗೆ ಬಂದಿರತ್ತೆ. ವರ್ಷಗಟ್ಲೆ ಮಲಗಿದ್ದು, ಆಮೇಲೆ ಏಳತ್ತೆ.”

ಲಿಫ್ಟಕ್ಕನಿಗೆ ತನ್ನ ಲಿಫ್ಟ್ ನೆನಪಾಯಿತು. ಆ ಮುಚ್ಚಿದ ಡಬ್ಬಿಯಲ್ಲಿ ಎಷ್ಟು ಸಾವಿರ ಜನರ ಉಸಿರು! ಒಂದೊಂದೇ ಮುಖ ನೆನೆಯತೊಡಗಿ, ಭಯವಾಗಿ ಅರ್ಧಕ್ಕೇ ಬಿಟ್ಟಳು.

ಆರು ತಿಂಗಳ ಮಾತ್ರೆ. ಮೊದಲ ದಿನವೇ ಮೂತ್ರ ಕೆಂಪು ತಿರುಗಿದ್ದು ಕಂಡು ಕಿರುಚಿದಳು. ಅದು ಮಾತ್ರೆಯ ಬಣ್ಣವೆಂದು ನರ್ಸ್ ಸಮಾಧಾನ ಹೇಳಿದಳು. ಮೂರನೇ ವಾರಕ್ಕೆ ಜ್ವರ ಬಿಟ್ಟಿತು. ಎರಡನೇ ತಿಂಗಳಿಗೆ ಹೊಟ್ಟೆ ಇಳಿಯಿತು. ತಿಂಗಳುಗಟ್ಟಲೆ ಎರಡು ತುತ್ತಿಗೇ ಸಾಕೆನ್ನುತ್ತಿದ್ದವಳು ಒಂದು ಮಧ್ಯಾಹ್ನ, “ಇನ್ನೊಂದಿಷ್ಟು ಹಾಕೇ, ಹಸಿವಾಗ್ತಿದೆ,” ಎಂದು ತಟ್ಟೆ ಚಾಚಿದಳು. ನಾದಿನಿ ಸೌಟು ಹಿಡಿದುಕೊಂಡೇ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.