ಗಣಿಯವರ ಕಿವಿಗಳ ಪಟ್ಟಿ ತಿದ್ದುವ ಇಂದ್ರಾಣಿ

ಗುರುವಾರ, ಬೆಳಗ್ಗೆ ಆರು ಗಂಟೆ. ಚಿನ್ನದ ಗಣಿ ಕಾರ್ಮಿಕರ ಬಡಾವಣೆಯಾದ ಮೈಸೂರು ಮೈನ್ಸ್‌ನ ಸಾಲುಮನೆಯೊಂದರ ಬಾಗಿಲಲ್ಲಿ ಇಂದ್ರಾಣಿ ನಿಂತಿದ್ದಾರೆ. ಕೂತ್ಕೋ ಅಂದರೂ ಕೂರುವವರಲ್ಲ. ಆ ಮನೆಯ ಮುನಿಶಾಮಮ್ಮ ಕೂಲಿಗೆ ಹೊರಟಿದ್ದಾರೆ. ಗಣಿಯಲ್ಲಿ ದುಡಿದ ಅವರ ಗಂಡ ತೀರಿಕೊಂಡು ವರ್ಷವಾಯಿತು.

"ಅತ್ತೇ, ಮಾವ ಟಿವಿ ಎಷ್ಟು ಜೋರು ಇಕ್ತಿದ್ರು?"

"ಬೀದಿಗೆಲ್ಲ ಕೇಳ್ಬೇಕು, ಅಂಗೆ!"

"ಕತ್ಲಾಗೆ ನಡೆಯೋವಾಗ?"

"ಗೋಡೆ ಇಡ್ಕೊಂಡೇ. ತೂರಾಡೋರು. ಕುಡ್ದವ್ರೆ ಅಂತ ಎಷ್ಟ್ ಸಲ ಬೈದಿದ್ದೀನೋ, ಪಾಪ."

ನಲವತ್ತನಾಲ್ಕರ ಇಂದ್ರಾಣಿ ಬಂಗಾರಪೇಟೆಯ ಸಣ್ಣದೊಂದು ಸಂಶೋಧನಾ ಕೇಂದ್ರದಲ್ಲಿ, ಸತ್ತವರು ದಾನ ಕೊಟ್ಟ ಕಿವಿಗಳ ಪಟ್ಟಿ ಬರೆಯುತ್ತಾರೆ. ಕಿವಿಯೆಂದರೆ ಓಲೆ ಹಾಕುವ ಹಾಲೆಯಲ್ಲ, ಕೇಳುವುದನ್ನೂ ನಡೆಯುವಾಗಿನ ಸಮತೋಲನವನ್ನೂ ನೋಡಿಕೊಳ್ಳುವ ಅಂಗವಿರುವ, ತಲೆಬುರುಡೆಯೊಳಗಿನ ಮೂಳೆ. ಅದನ್ನು ತಿಂಗಳುಗಟ್ಟಲೆ ನೆನೆಸಿ, ತೆಳ್ಳಗೆ ಸೀಳಿ ಗಾಜಿನ ಮೇಲೆ ಕೂರಿಸುತ್ತಾರೆ. ಎಡವೋ ಬಲವೋ, ಏನು ಕೆಲಸದವರು, ಕೇಳುತ್ತಿತ್ತೇ, ತಲೆ ಸುತ್ತುತ್ತಿತ್ತೇ ಎಂದೆಲ್ಲ ಚೀಟಿ ಬರೆಯುವುದು ಇವರ ಪಾಲು. ದಿನಕ್ಕೆ ನಲವತ್ತು ಗಾಜು.

ಎಡವಟ್ಟಾದದ್ದು ಆ ಚೀಟಿಯಲ್ಲೇ. ಗಣಿಯಲ್ಲಿ ಬಂಡೆ ಕೊರೆದವರ ಮನೆಗಳಲ್ಲಿ ಮಾತೆಂದರೇ ಕೂಗು. ಎಲ್ಲರೂ ಕೂಗುವಾಗ ಯಾರಿಗೆ ಕೇಳುತ್ತಿಲ್ಲವೆಂದು ಯಾರಿಗೆ ಗೊತ್ತಾಗಬೇಕು? 'ಚೆನ್ನಾಗಿ ಕೇಳ್ತಿತ್ತು' ಎಂದರು ಮನೆಯವರು, ಇಂದ್ರಾಣಿ ಹಾಗೇ ಬರೆದುಕೊಂಡರು. ಕಳೆದ ವಾರ ಕೇಂದ್ರದ ಡಾಕ್ಟರ್ ಭಾನುಪ್ರಿಯ ಗಾಜುಗಳನ್ನು ನೋಡಿ, "ಶಬ್ದ ಹಿಡಿಯೋ ಎಳೆಗಳೇ ಸತ್ತುಹೋಗಿವೆಯಲ್ರೀ" ಎಂದಾಗ ಇವರು ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿದರು. ಹನ್ನೆರಡು ಜನ ಗಣಿಯವರ ಕಿವಿಗಳು ಆರೋಗ್ಯವಂತರ ಸಾಲಿಗೆ ಸೇರಿಬಿಟ್ಟಿವೆ. ನಾಳೆ ಪಟ್ಟಿ ಸಂಶೋಧಕರ ಕೈ ಸೇರುತ್ತದೆ. ಅವರು ಕೆಟ್ಟ ಕಿವಿಯನ್ನೇ ಒಳ್ಳೆಯ ಕಿವಿಯೆಂದು ನಂಬಿ ಅಧ್ಯಯನ ಶುರುಮಾಡುತ್ತಾರೆ.

"ಕೊಟ್ಟೋರು ಸುಳ್ಳು ಏಳಿಲ್ಲ. ಎಂಗೆ ಕೇಳ್ಬೇಕಂತ ಗೊತ್ತಿಲ್ದಿದ್ದೋಳು ನಾನು," ಎನ್ನುತ್ತಾರೆ ಇಂದ್ರಾಣಿ. ಅಂದಿನಿಂದ ಜನ ಕೆಲಸಕ್ಕೆ ಹೊರಡುವ ಮೊದಲೇ ಬಾಗಿಲು ತಟ್ಟಿ, ಬೇರೆ ಥರ ಕೇಳಿ ತಿಳಿದು, ಬಸ್ಸಿಗೆ ಓಡುತ್ತಾರೆ. ಸೀಟು ಸಿಕ್ಕರೂ ಚೀಲದ ಕಾಗದ ತೆಗೆದು ತೆಗೆದು ನೋಡುತ್ತಾರೆ.

ಮುನಿಶಾಮಮ್ಮನ ಮನೆಯದೂ ಸೇರಿ ಹನ್ನೊಂದು ಚೀಟಿ ತಿದ್ದಾಯಿತು. ಹನ್ನೆರಡನೆಯದನ್ನು ಮಾತ್ರ ವಾರದಿಂದ ಕಟ್ಟಿನ ಅಡಿಗೆ ಸರಿಸುತ್ತಲೇ ಬಂದಿದ್ದಾರೆ. ಅದು ಇಪ್ಪತ್ತು ವರ್ಷ ಬಂಡೆ ಕೊರೆದ ಆರುಮುಗಂ ಅವರದು, ಇಂದ್ರಾಣಿಯ ಅಪ್ಪನದು. ಅದನ್ನು ವಿಚಾರಿಸಲು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಕೇಂದ್ರದ ಮೇಜಿನ ಮೇಲೆ ಅದನ್ನು ಇಟ್ಟುಕೊಂಡು, ತಮ್ಮದೇ ಅಕ್ಷರದ 'ಚೆನ್ನಾಗಿ ಕೇಳುತ್ತಿತ್ತು' ಎಂಬುದರ ಮೇಲೆ ಗೆರೆ ಎಳೆಯುತ್ತಾರೆ.

"ನಾನೇನ್ ಏಳಿದ್ರೂ ಅಪ್ಪ ನಗ್ತಾ ತಲೆ ಆಡಿಸೋರು. ಕೇಳಿಸ್ತದೆ ಅಂದ್ಕೊಂಡಿದ್ದೆ."