ಎರಡನೆಯ ವನ್ಸ್ ಮೋರ್

ಗೆಳೆಯರೇ, ಇಂದು ದಾಂಡೇಲಿ ಪೇಟೆಯ ನಡುವೆ ನನ್ನ ಮಾತನ್ನು ಒಬ್ಬರು ಅಲ್ಲಗಳೆದರು. ಅರವತ್ತರ ದಶಕದಲ್ಲಿ ಮಿಲ್ಲಿನ ಕೆಲಸಗಾರರು ಹಾಡಿಕೆ ನಡೆಸುತ್ತಿದ್ದ ತಗಡಿನ ಹಾಲ್ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅದು ಸಿಮೆಂಟಿನ ಗೋದಾಮು. ಅದರ ಮುಂದೆ ನಿಂತು ಮೊಮ್ಮಗಳಿಗೆ ಹೇಳುತ್ತಿದ್ದೆ: “ನಿಮ್ಮಜ್ಜ ಇಲ್ಲಿ ನಾಟಕದ ಪದ ಹಾಡಿದ್ರ ಮಂದಿ ‘ವನ್ಸ್ ಮೋರ್’ ಅಂತ ಕೂಗಿ ಮತ್ತ ಹಾಡಸ್ತಿದ್ರು.”

ಪಕ್ಕದ ಗ್ಯಾರೇಜಿನಲ್ಲಿ ಕುಳಿತಿದ್ದ ದಸ್ತಗೀರ್ ಸಾಹೇಬರು, ಆಗ ನಮ್ಮವರ ಜೊತೆ ಮಿಲ್ಲಿನಲ್ಲಿದ್ದವರು, ನಕ್ಕುಬಿಟ್ಟರು.

“ಮಂದಿ ಅಲ್ರೀ ಅಕ್ಕಾರ, ನಾನು. ಹಿಂದ ಕುಂತು ಕೂಗು ಅಂತ ನಿಮ್ಮ ಮನಿಯವ್ರು ನನಗ ಚಾ ಕುಡಸ್ತಿದ್ರು. ಹೆಂಗಸರ ಕಡೆ ಕುಂತ ನಿಮಗ ಕೇಳ್ಲಿ ಅಂತ.”

ಮೊಮ್ಮಗಳು ನನ್ನ ಮುಖ ನೋಡಿದಳು. “ಸತ್ತವರ ಮರ್ಯಾದಿ ತಗೀಬ್ಯಾಡ್ರಿ ಸಾಹೇಬ್ರ” ಎಂದು ಗದರಿಸಿದೆ. ಅವರ ಮುಖ ಸಣ್ಣದಾಯಿತು.

“ತಪ್ಪ ತಿಳ್ಕೋಬ್ಯಾಡ್ರಿ. ಮೊದಲನೇ ಕೂಗಷ್ಟ ನಂದು. ಪ್ರತಿ ಸಲ ನನ್ನ ಕೂಗಿನ ಬೆನ್ನಿಗೇ ಇನ್ನೊಂದು ಕೂಗು ಬರ್ತಿತ್ತು. ‘ಅದು ಖರೇ ವನ್ಸ್ ಮೋರ್ ಲೇ, ಅವಂಗ ನಾ ಚಾ ಕುಡಿಸಿಲ್ಲ’ ಅಂತ ಹಾಡಿಕಿ ಮುಗದ ಮ್ಯಾಲ ನಿಮ್ಮ ಮನಿಯವ್ರು ನನ್ನ ಮುಂದ ಖುಷಿಪಡ್ತಿದ್ರು. ಅಂವ ಯಾರಂತ ಕಡೀತನಕ ಅವ್ರಿಗೂ ಗೊತ್ತಾಗ್ಲಿಲ್ಲ.”

“ಯಾರೋ ಸಂಗೀತದ ಹುಚ್ಚಿದ್ದಂವ ಇರಬೇಕು ಬಿಡ್ರಿ” ಎಂದು ಮೊಮ್ಮಗಳ ಕೈ ಹಿಡಿದು ಹೊರಟೆ.

ಹೆಂಗಸರ ಪರದೆಯ ಹಿಂದೆ ಕುಳಿತು ಗಂಡಸಿನ ದನಿ ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. ಮರುದಿನ ಗಂಟಲು ಕಟ್ಟಿಬಿಡುತ್ತಿತ್ತು.