ನನ್ನ ಎದೆಯ ಮೋಟಾರ್

ಸೂರತ್ತಿನ ಉಧ್ನಾ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅರ್ಧದಲ್ಲೇ ನಿಂತೆ. ಉಸಿರು ಸಿಗಲಿಲ್ಲ. ಧಾರವಾಡದಿಂದ ಸೂರತ್ತಿಗೆ ಬಂದು, ರೈಲ್ವೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಮೋಟಾರ್‌ಗಳ ಜೊತೆ ಕಳೆದವಳು ನಾನು.

ಅಹಮದಾಬಾದಿನ ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಹೃದಯದ ಎಡಭಾಗ ಸೋತುಹೋಗಿತ್ತು. ಔಷಧಿ ಸಾಲಲಿಲ್ಲ. ಕೊನೆಗೆ ಎದೆಯೊಳಗೆ ಪಂಪ್ ಕೂರಿಸಿದರು. ಹೊಟ್ಟೆಯಿಂದ ಹೊರಬರುವ ಕೇಬಲ್, ಸೊಂಟದಲ್ಲಿ ಕಂಟ್ರೋಲರ್, ಎರಡು ಬ್ಯಾಟರಿ. ಈ ಪಂಪ್ ಹೃದಯದಂತೆ ಬಡಿಯುವುದಿಲ್ಲ, ಒಂದೇ ಸಮನೆ ತಿರುಗುತ್ತದೆ.

ನರ್ಸ್ ಮಣಿಕಟ್ಟು ಹಿಡಿದು ಹುಡುಕಿದಳು. ನಾಡಿ ಸಿಗಲಿಲ್ಲ.

ನಾನಿದ್ದೆ.

ಪಂಪ್ ಕೂರಿಸಿದ ಮೂರನೇ ತಿಂಗಳು, ಕಡು ಬೇಸಿಗೆ. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ಫ್ಲೋ, ಅಂದರೆ ರಕ್ತದ ಹರಿವು, ಕಡಿಮೆ ಎಂದು ಕಂಟ್ರೋಲರ್ ಅಲಾರ್ಮ್ ಹೊಡೆಯಿತು. ನಮ್ಮ ಮನೆಯವರು ಅಹಮದಾಬಾದಿಗೆ ಕರೆದೊಯ್ದರು.

ಹೊಸ ಡಾಕ್ಟರು ಪರದೆ ನೋಡಿ, "ಸ್ಪೀಡ್ ಏರಿಸೋಣ" ಎಂದರು.

"ಬೇಡ" ಎಂದೆ.

ಮನೆಯವರು ಮೊಣಕೈಯಿಂದ ತಿವಿದರು. "ಡಾಕ್ಟರಿಗೆ ಗೊತ್ತಿರತದ, ಸುಮ್ನಿರು."

ಸುಮ್ಮನಿರಲು ಆಗಲಿಲ್ಲ. ಈ ಪಂಪ್ ರಕ್ತವನ್ನು ನೇರವಾಗಿ ಅಳೆಯುವುದಿಲ್ಲ, ಮೋಟಾರ್ ಎಳೆಯುವ ಕರೆಂಟು ಮತ್ತು ತಿರುಗುವ ವೇಗದಿಂದ ಅಂದಾಜು ಮಾಡುತ್ತದೆ ಎಂದು ಆಪರೇಷನ್ನಿಗೆ ಮೊದಲೇ ಕೇಳಿ ತಿಳಿದಿದ್ದೆ. ಮೂರು ದಿನದಿಂದ ಕಂಟ್ರೋಲರ್ ತೋರಿಸುವ ಪವರ್ ಅಂಕಿ ಬರೆದಿಟ್ಟಿದ್ದೆ. ಅದು ಮೆಲ್ಲಗೆ ಇಳಿದಿರಲಿಲ್ಲ. ಕುಸಿಯುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಸಂಪಿನಲ್ಲಿ ನೀರು ತಳ ಮುಟ್ಟಿದಾಗ ಮೋಟಾರ್ ಹೀಗೇ ಆಡುತ್ತದೆ.

"ಪಂಪಿಗೆ ರಕ್ತ ಸಾಲುತ್ತಿಲ್ಲ ಡಾಕ್ಟರ್. ವೇಗ ಏರಿಸಿದರೆ ಇನ್ನಷ್ಟು ಹೀರುತ್ತದೆ. ಮೊದಲು ಎಕೋ ಮಾಡಿ. ನಾನು ಹೇಳಿದ್ದು ತಪ್ಪಾದರೆ ನೀವು ಹೇಳಿದಂತೆ ಕೇಳುತ್ತೇನೆ."

ಅವರ ಮುಖ ಬಿಗಿಯಾಯಿತು. ಆದರೂ ಎಕೋ ಮಾಡಿದರು. ಪಂಪ್ ಹೃದಯದ ಗೋಡೆಯನ್ನೇ ತನ್ನ ಬಾಯಿಗೆ ಎಳೆದುಕೊಳ್ಳುತ್ತಿತ್ತು. ಮೈಯ ನೀರಿಳಿಸುವ ಮಾತ್ರೆ, ಸೂರತ್ತಿನ ಸೆಕೆ, ಎರಡೂ ಸೇರಿ ನನ್ನನ್ನು ಒಣಗಿಸಿದ್ದವು. ಸ್ಪೀಡ್ ಇಳಿಸಿದರು, ಮಾತ್ರೆ ತಗ್ಗಿಸಿದರು, ಸಲೈನ್ ಹಾಕಿದರು. ಸಂಜೆಯ ಹೊತ್ತಿಗೆ ಅಲಾರ್ಮ್ ನಿಂತಿತು.

"ನೀವು ಹೇಳಿದ್ದೇ ಸರಿ" ಎಂದರು ಡಾಕ್ಟರು. ಹಾಗೆ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು. ಅಂದಿನಿಂದ ಅವರ ಮೇಲೆ ನನಗೆ ನಂಬಿಕೆ.

ಮನೆಗೆ ಬಂದಮೇಲೆ ನಮ್ಮವರು ಮೆಲ್ಲಗೆ ಶುರು ಮಾಡಿದರು. "ಇನ್ನ ವಿಆರ್‌ಎಸ್ ತಗೊಂಡ ನೌಕರಿ ಬಿಡು."

"ಯಾಕ್ರೀ? ನನ್ನ ತಲಿಗೇನಾಗೇದ?"

ಅವರು ನಕ್ಕರು. ಬಹಳ ದಿನದ ಮೇಲೆ.

ಸೋಂಕಿನ ಭಯವಿದೆ, ರಕ್ತ ಹೆಪ್ಪುಗಟ್ಟುವ ಭಯವಿದೆ. ಇನ್ನೆಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಕ್‌ಶಾಪಿನ ದೊಡ್ಡ ಮೋಟಾರ್‌ಗಳ ಕಾಂತಶಕ್ತಿ ಪಂಪನ್ನು ಕೆಡಿಸಬಹುದು, ಅವುಗಳ ಬಳಿ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ, ಒಪ್ಪಿದ್ದೇನೆ. ಮೇಜಿನ ಕೆಲಸ ಕೇಳಿ ಪಡೆದೆ. ಸೋಮವಾರ ಬ್ಯಾಟರಿ ಚೀಲ ಹೆಗಲಿಗೇರಿಸಿ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಬರಿಯ ಮೊದಲಕ್ಷರ ಗೀಚಲಿಲ್ಲ. ಹೆಸರು ಪೂರ್ತಿ ಬರೆದೆ.